ಟೈಮ್ ಪ್ಲೀಸ್

ಹೋದ ವರ್ಷ ಜುಲೈನಲ್ಲಿ ಮಗನ ಶಾಲೆಯಿಂದ ಫೋನ್ ಬಂತು. "ನಿಮ್ಮ ಮಗ ಮತ್ತೆ ಒಬ್ಬನನ್ನು ತಳ್ಳಿದ್ದಾನೆ." ಆ ತಿಂಗಳಲ್ಲಿ ಅದು ಮೂರನೆಯ ದೂರು. ಅವನು ಹುಟ್ಟಿದ್ದು ಪುಣೆಯಲ್ಲೇ, ಆಗ ಮೂರನೇ ಕ್ಲಾಸು.

ಅವನಿಗೆ ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್ ಇದೆ. ಕಿವಿ ಚೆನ್ನಾಗಿ ಕೇಳುತ್ತದೆ, ಲೆಕ್ಕದಲ್ಲಿ ಚುರುಕು. ಆದರೆ ಉದ್ದದ, ವೇಗದ ಮಾತು ಪೂರ್ತಿ ದಕ್ಕುವುದಿಲ್ಲ. ಇಂಗ್ಲೆಂಡಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನೂರರಲ್ಲಿ ಸುಮಾರು 7 ಮಕ್ಕಳಿಗೆ ಹೀಗಿದೆ. ಹೊರಗೆ ಕಾಣದ್ದರಿಂದ "ಹಟಮಾರಿ" ಎಂಬ ಹೆಸರೇ ಮೊದಲು ಬರುತ್ತದೆ. "ಮನೇಲಿ ಕನ್ನಡ ಬಿಡಿ, ಇಂಗ್ಲಿಷ್ ಮಾತ್ರ ಮಾತಾಡಿ" ಎಂದರು ಕೆಲವರು. ಆರು ತಿಂಗಳು ಹಾಗೇ ಮಾಡಿದೆವು ಕೂಡ. ಎರಡು ಭಾಷೆಯಿಂದ ಈ ತೊಂದರೆ ಬರುವುದಿಲ್ಲ, ಒಂದನ್ನು ಬಿಟ್ಟರೆ ಹೋಗುವುದೂ ಇಲ್ಲ. ಧಾರವಾಡದ ಅಜ್ಜಿಯ ಫೋನಿಗೆ ಅವನು ಬರುವುದು ನಿಂತಿತು, ಅಷ್ಟೇ. (ಕನ್ನಡದಲ್ಲೇ ಪರೀಕ್ಷೆ ಮಾಡಿಸಬೇಕೆನ್ನುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.)

ಆ ಜುಲೈ ದೂರಿನ ಬಗ್ಗೆ ಸ್ಪೀಚ್ ಥೆರಪಿಸ್ಟ್ "ಯಾಕೆ ತಳ್ಳಿದೆ?" ಎಂದು ಕೇಳಲೇ ಇಲ್ಲ. ನಾನು ಅದನ್ನೇ ಹತ್ತು ಸಲ ಕೇಳಿದ್ದೆ. ಅವರು ಪೆನ್ಸಿಲ್ ಕೊಟ್ಟು ಕಡ್ಡಿಗೊಂಬೆಗಳನ್ನು ಬರೆಸಿದರು. ಆಡಿದ ಮಾತಿಗೆ ಒಂದು ಬಲೂನು, ಮನಸ್ಸಿನಲ್ಲಿದ್ದದ್ದಕ್ಕೆ ಒಂದು ಮೋಡ. ಅಮೆರಿಕದ ಶಿಕ್ಷಕಿ ಕ್ಯಾರೊಲ್ ಗ್ರೇ ಆಟಿಸಂ ಇರುವ ಮಕ್ಕಳಿಗಾಗಿ ರೂಪಿಸಿ 1994ರಲ್ಲಿ ಪುಸ್ತಕವಾಗಿ ತಂದ ವಿಧಾನವಿದು. ನಮ್ಮವನಿಗೆ ಆಟಿಸಂ ಇಲ್ಲ. ಆದರೆ ಮಾತು ಹಾರಿಹೋಗುತ್ತದೆ, ಚಿತ್ರ ಕಾಗದದ ಮೇಲೆ ಉಳಿಯುತ್ತದೆ.

ಮುಟ್ಟಾಟದಲ್ಲಿ ಇವನು "ಟೈಮ್ ಪ್ಲೀಸ್" ಎಂದು ನಿಂತಿದ್ದ. ಆದರೂ ಗೆಳೆಯ ಮುಟ್ಟಿ ಔಟ್ ಎಂದ. ಗೆಳೆಯನ ತಲೆಯ ಮೇಲಿನ ಮೋಡದಲ್ಲಿ ಇವನು ಬರೆದದ್ದು: "ಮೋಸ ಮಾಡ್ತೀನಿ."

ಮರುದಿನ ಕ್ಲಾಸ್ ಟೀಚರ್ ಆ ಹಾಳೆಯನ್ನು ಗೆಳೆಯನಿಗೇ ಕೊಟ್ಟು ಅವನ ಮೋಡವನ್ನು ಅವನಿಂದ ತುಂಬಿಸಿದರು. ಇವತ್ತು ಟೈಮ್ ಪ್ಲೀಸ್ ಇಲ್ಲ ಅಂತ ಎಲ್ಲರೂ ಮೊದಲೇ ಒಪ್ಪಿದ್ವಲ್ಲ, ಎಂದು ಅವನು ಬರೆದ. ಗಲಾಟೆಯಲ್ಲಿ, ಮರಾಠಿ-ಇಂಗ್ಲಿಷ್ ಬೆರೆತ ಆ ಮಾತು ಇವನಿಗೆ ತಲುಪಿರಲೇ ಇಲ್ಲ. ನನ್ನ ಮಗ ಆ ಮೋಡವನ್ನು ಬಹಳ ಹೊತ್ತು ನೋಡಿದನಂತೆ.

ಈಗ ಆಟ ಶುರುವಾಗುವ ಮೊದಲು ಆ ಗೆಳೆಯನೇ ನಿಯಮವನ್ನು ಇವನಿಗೆ ನಿಧಾನವಾಗಿ ಹೇಳುತ್ತಾನೆ. ಟೀಚರ್ "ಗೊತ್ತಾಯ್ತಾ?" ಎನ್ನುವುದನ್ನು ಬಿಟ್ಟಿದ್ದಾರೆ. ಅದಕ್ಕೆ ಇವನು ಯಾವಾಗಲೂ ಹೂಂ ಎನ್ನುತ್ತಿದ್ದ, ಆಫೀಸಿನ ಮೀಟಿಂಗಿನಲ್ಲಿ ನಾನು ತಲೆಯಾಡಿಸುವ ಹಾಗೆ. "ಏನು ಹೇಳಿದೆ, ನೀನೇ ಹೇಳು ನೋಡೋಣ" ಎನ್ನುತ್ತಾರೆ.

ದೂರು ಪೂರ್ತಿ ನಿಂತಿಲ್ಲ. ದೀಪಾವಳಿ ರಜೆಯ ನಂತರ ಮತ್ತೊಂದು ಬಂತು. ಆ ಸಂಜೆ ನಾನು ಬಾಯಿ ತೆರೆಯುವ ಮೊದಲೇ ಅವನು ಹಾಳೆ, ಪೆನ್ಸಿಲ್ ತಂದು ಎದುರಿಗೆ ಕೂತ.