ತಾಲ್ಲೂಕು ಬದಲಾದ ಊರಿನ ಹಳೆಯ ವಿಳಾಸ

ಬೆಳಗಾವಿ ಜಿಲ್ಲೆಯ ಮೂಡಲಗಿ 2011ರ ಜನಗಣತಿಯ ಕಾಲಕ್ಕೆ ಗೋಕಾಕ ತಾಲ್ಲೂಕಿನ ಪಟ್ಟಣವಾಗಿದ್ದು, ಆ ಬಳಿಕ ರಾಜ್ಯ ಸರ್ಕಾರ ಹೊಸ ತಾಲ್ಲೂಕುಗಳನ್ನು ರಚಿಸಿದಾಗ ತಾನೇ ತಾಲ್ಲೂಕು ಕೇಂದ್ರವಾಯಿತು. ಊರು ಇದ್ದಲ್ಲಿಯೇ ಇದೆ. ಬದಲಾದದ್ದು ದಾಖಲೆಯಲ್ಲಿ ಅದನ್ನು ತಲುಪುವ ಕ್ರಮ. ಈ ಭಾಗದ ರೈತರು ಉತಾರ ಎಂದು ಕರೆಯುವ ಪಹಣಿಯನ್ನು ‘ಭೂಮಿ’ ತಂತ್ರಾಂಶದಲ್ಲಿ ಹುಡುಕುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂಬ ಅನುಕ್ರಮದಲ್ಲಿ ಇಳಿಯಬೇಕಾಗುವುದರಿಂದ ತಾಲ್ಲೂಕು ಬೇರೆಯಾದೊಡನೆ ದಾರಿಯೂ ಬೇರೆಯಾಗುತ್ತದೆ. ಹಳೆಯ ಖರೀದಿ ಪತ್ರದಲ್ಲಿ ಮಾತ್ರ ‘ತಾ. ಗೋಕಾಕ’ ಎಂದೇ ಉಳಿದಿರುತ್ತದೆ.

ತಂತ್ರಾಂಶ ರಚಿಸುವವರು ಎದುರಿಸುವ ತೊಡಕೂ ಇದೇ ಬಗೆಯದು. ಇತರರ ಬಳಕೆಗೆಂದು ಒಟ್ಟಾಗಿ ಜೋಡಿಸಿಟ್ಟ ಪ್ರೋಗ್ರಾಂ ಫೈಲುಗಳ ಸಮೂಹಕ್ಕೆ ಪ್ಯಾಕೇಜ್ ಎಂದೂ, ಅದರೊಳಗಿನ ಒಂದೊಂದು ಫೈಲಿಗೆ ಮಾಡ್ಯೂಲ್ ಎಂದೂ, ಅದನ್ನು ತರಿಸಿಕೊಳ್ಳಲು ಬೇರೆ ಪ್ರೋಗ್ರಾಂ ಬರೆಯುವ ವಿಳಾಸಕ್ಕೆ ಇಂಪೋರ್ಟ್ ಪಥ ಎಂದೂ ಹೆಸರು. ‘ಗೋಕಾಕ.ಮೂಡಲಗಿ’ ಎಂಬ ಪಥದಲ್ಲಿದ್ದ ಮಾಡ್ಯೂಲನ್ನು ‘ಮೂಡಲಗಿ’ ಎಂಬ ಹೊಸ ಜಾಗಕ್ಕೆ ಸಾಗಿಸಿದರೆಂದು ಭಾವಿಸಿದರೆ, ಹಳೆಯ ಪಥವನ್ನು ನಂಬಿ ಬರೆದ ಪ್ರತಿಯೊಂದು ಪ್ರೋಗ್ರಾಂ ಮರುದಿನವೇ ನಿಂತುಹೋಗುತ್ತದೆ.

ಸುಲಭವೆಂದು ತೋರುವ ಪರಿಹಾರ, ಫೈಲಿನ ಒಂದು ಪ್ರತಿಯನ್ನು ಹಳೆಯ ಜಾಗದಲ್ಲೂ ಇಡುವುದು; ಅದು ಅತ್ಯಂತ ಅಪಾಯಕಾರಿಯೂ ಹೌದು. ಪೈಥಾನ್ ಭಾಷೆ ಎರಡು ಪಥಗಳಿಂದ ಬಂದ ಪ್ರತಿಗಳನ್ನು ಎರಡು ಪ್ರತ್ಯೇಕ ಮಾಡ್ಯೂಲುಗಳೆಂದೇ ಎಣಿಸುವುದರಿಂದ, ಒಂದರಲ್ಲಿ ರೂಪುಗೊಂಡ ‘ಜಮೀನು’ ಎಂಬ ವಸ್ತುವನ್ನು ಇನ್ನೊಂದು ಜಮೀನೆಂದು ಗುರುತಿಸುವುದಿಲ್ಲ. ಒಂದು ಪ್ರತಿಯಲ್ಲಿ ತಿದ್ದಿದ ದೋಷ ಇನ್ನೊಂದರಲ್ಲಿ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಹಳೆಯ ಜಾಗದಲ್ಲಿ ತನ್ನದೆಂಬ ಏನೂ ಇಲ್ಲದ, ಕೇಳಿದ್ದನ್ನು ಹೊಸ ಜಾಗದಿಂದಲೇ ತಂದುಕೊಟ್ಟು, ಪಥ ಬದಲಾಗಿದೆಯೆಂಬ ಎಚ್ಚರಿಕೆಯನ್ನು ತೋರಿಸುವ ಕೆಲವೇ ಸಾಲುಗಳ ಫೈಲನ್ನು ಇಡುವುದು ಸರಿಯಾದ ಕ್ರಮ. 2018ರಲ್ಲಿ ಬಂದ ಪೈಥಾನ್ 3.7 ಆವೃತ್ತಿಯಲ್ಲಿ, ಯಾರಾದರೂ ಹಳೆಯ ಹೆಸರನ್ನು ನಿಜವಾಗಿ ಕೇಳಿದಾಗಷ್ಟೇ ಈ ಎಚ್ಚರಿಕೆ ಹೊಮ್ಮುವಂತೆ ಮಾಡುವ ಅನುಕೂಲವೂ ಸೇರಿತು.

ಹಳೆಯ ಪಥವನ್ನು ಮುಚ್ಚುವ ಮುನ್ನ ಕಾಲಾವಕಾಶ ಎಷ್ಟಿರಬೇಕೆಂಬುದಕ್ಕೆ ಪೈಥಾನಿನ ಚರಿತ್ರೆಯಲ್ಲೇ ಒಂದು ನಿದರ್ಶನವಿದೆ. ‘ಕಲೆಕ್ಷನ್ಸ್’ ಮಾಡ್ಯೂಲಿನಲ್ಲಿದ್ದ ಕೆಲವು ಮೂಲಮಾದರಿಗಳನ್ನು 2012ರ 3.3 ಆವೃತ್ತಿಯಲ್ಲಿ ‘ಕಲೆಕ್ಷನ್ಸ್.ಎಬಿಸಿ’ಗೆ ಸಾಗಿಸಲಾಯಿತಾದರೂ, ಹಳೆಯ ಪಥವನ್ನು ಮುಚ್ಚಿದ್ದು 2021ರ 3.10 ಆವೃತ್ತಿಯಲ್ಲಿ; ಒಂಬತ್ತು ವರ್ಷಗಳ ಆ ಅವಧಿಯ ಬಳಿಕವೂ ಪಥ ತಿದ್ದದೆ ಉಳಿದಿದ್ದ ಪ್ರೋಗ್ರಾಂಗಳು ಕೆಟ್ಟವು.

ಜಿಲ್ಲೆಯ ದಾಖಲೆಗಳಿಗೆ ಈ ವಿಚಾರ ನೇರವಾಗಿ ಅನ್ವಯಿಸುತ್ತದೆ. 2011ರ ಜನಗಣತಿಯ ಇಂಗ್ಲಿಷ್ ಪಟ್ಟಿಯಲ್ಲಿ ಸವದತ್ತಿ ತಾಲ್ಲೂಕು ಪರಸಗಡ ಎಂದಿದೆ, ಬೈಲಹೊಂಗಲ ಸಂಪಗಾಂವ ಎಂದಿದೆ; ಎಲ್ಲೆ ಕದಲದ ಹುಕ್ಕೇರಿಯ ಹೆಸರಿನಲ್ಲಿ ಸಹ ಒಂದು ‘ಕೆ’ ಅಕ್ಷರ ಕಡಿಮೆಯಿರುವುದರಿಂದ, ಹೆಸರನ್ನೇ ನಂಬಿ ಎರಡು ಪಟ್ಟಿಗಳನ್ನು ಜೋಡಿಸುವ ಪ್ರೋಗ್ರಾಂ ಇಡೀ ತಾಲ್ಲೂಕನ್ನು ಕಳೆದುಕೊಳ್ಳಬಹುದು. ಅದೇ ಜನಗಣತಿ ಪ್ರತಿ ಗ್ರಾಮಕ್ಕೂ ನೀಡಿದ ಆರು ಅಂಕಿಯ ಸಂಕೇತ ತಾಲ್ಲೂಕನ್ನು ಅವಲಂಬಿಸದ ಕಾರಣ, ಗೋಕಾಕದಿಂದ ಮೂಡಲಗಿಗೆ ಸೇರಿದ ಹಳ್ಳಿಯನ್ನು ಅದರ ಮೂಲಕ ಈಗಲೂ ಗುರುತಿಸಬಹುದು. ತಂತ್ರಾಂಶದ ಹಳೆಯ ಪಥವನ್ನು ಕೆಲವು ವರ್ಷಗಳ ಬಳಿಕ ಮುಚ್ಚುವುದು ನ್ಯಾಯವೇ. ಆದರೆ ಖರೀದಿ ಪತ್ರ ಮೊಮ್ಮಕ್ಕಳ ಕೈಗೂ ಬರುವುದರಿಂದ, ‘ತಾ. ಗೋಕಾಕ’ ಎಂದು ಕೇಳಿದವರನ್ನು ಮೂಡಲಗಿಗೆ ಕಳಿಸುವ ಪಟ್ಟಿಯನ್ನು ಭೂದಾಖಲೆಗಳಲ್ಲಿ ಎಂದಿಗೂ ತೆಗೆಯಬಾರದು.