ಹತ್ತು ಪವನ್ ಬಂಗಾರ, ಒಂದು ಮಾಳಿಗೆ ಮನೆ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂತ ಗಾದೆ. ನಾವು ಕಟ್ಟಲಿಲ್ಲ, ಕಟ್ಟಿದ್ದನ್ನು ಕೊಂಡೆವು. ಕೊಂಡು ನೋಡುವುದೂ ಕಡಿಮೆಯದ್ದೇನಲ್ಲ ಅಂತ ಈಗ ಗೊತ್ತಾಗಿದೆ.

ಇದನ್ನು ಗಂಡ ಹೆಂಡತಿ ನಾವಿಬ್ಬರೂ ಸೇರಿ ಬರೆಯುತ್ತಿದ್ದೇವೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದಿದ್ದೇವೆ. ಒಬ್ಬರ ಊರು ಬಂಟ್ವಾಳದ ಕಡೆ, ಇನ್ನೊಬ್ಬರದು ಉಳ್ಳಾಲದ ಕಡೆ. ಅನ್ನ ಸಿಕ್ಕಿದ್ದು ಮಾತ್ರ ಘಟ್ಟದ ಮೇಲೆ, ಚಿತ್ರದುರ್ಗಕ್ಕೂ ದಾವಣಗೆರೆಗೂ ನಡುವೆ ಹೆದ್ದಾರಿ ಬದಿಯ ಭರಮಸಾಗರದಲ್ಲಿ. ಸಣ್ಣದೊಂದು ಚಪ್ಪಲಿ ಅಂಗಡಿ, ಮನೆಯಲ್ಲೊಂದು ಹೊಲಿಗೆ ಮಿಷನ್. ಇಷ್ಟೇ ನಮ್ಮ ಬಂಡವಾಳ.

ಇಲ್ಲಿ 'ಬ್ಯಾರಿ' ಅಂದರೆ ಯಾರಿಗೂ ಗೊತ್ತಿಲ್ಲ. ಊರಿನವರಿಗೆ ನಾವು 'ಮಂಗಳೂರು ಸಾಬ್ರು'. ಇಲ್ಲಿನ ಮುಸ್ಲಿಮರು ಮನೆಯಲ್ಲಿ ಉರ್ದು ಮಾತಾಡುವವರು. ನಮ್ಮ ಬ್ಯಾರಿ ಭಾಷೆ ಕೇಳಿ ಅವರು ಮೊದಮೊದಲು ನಕ್ಕದ್ದೂ ಉಂಟು. 'ಉರ್ದು ಬರದ ಸಾಬ್ರಾ ನೀವು?' ಅಂತ. ಅವರು ಹನಫಿ, ನಾವು ಶಾಫಿ. ಆದರೂ ಬಾಡಿಗೆ ಮನೆ ಹುಡುಕಿ ಕೊಟ್ಟದ್ದು, ಹೆರಿಗೆಯ ಹೊತ್ತಿಗೆ ಗಂಜಿ ತಂದುಕೊಟ್ಟದ್ದು ಇದೇ ಜನ.

ಊರಿನಲ್ಲಿ ಬೇಡ ಅಂದರು

ಬಾಡಿಗೆ ಕಟ್ಟುತ್ತಾ ನಾಲ್ಕು ವರ್ಷ ಕಳೆದ ಮೇಲೆ ಸ್ವಂತ ಮನೆಯ ಮಾತು ಬಂತು. ಪೆರ್ನಾಲಿಗೆ ಊರಿಗೆ ಹೋದಾಗ ಹೇಳಿದ್ದೇ ತಡ, ಉಪ್ಪ ಗದರಿದರು. "ಅಲ್ಲಿ ಎಂಥ ಉಂಟು ಅಂತ ಮನೆ ತೆಗೆಯುವುದು ಮಾರಾಯ? ನಾಳೆ ವ್ಯಾಪಾರ ಬಿದ್ದರೆ ಮನೆಯನ್ನು ಹೊತ್ತುಕೊಂಡು ಬರ್ಲಿಕ್ಕೆ ಆಗ್ತದಾ?"

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಘಟ್ಟ ಹತ್ತಿದ ನಮ್ಮವರಲ್ಲಿ ಹೆಚ್ಚಿನವರು ದುಡಿಯುವುದು ಇಲ್ಲಿ, ಮನೆ ಕಟ್ಟುವುದು ಊರಿನಲ್ಲಿ. ಆ ಮನೆಗೆ ವರ್ಷಕ್ಕೆ ಎರಡು ಸಲ ಹೋಗಿ ಬೀಗ ತೆಗೆದು ಧೂಳು ಹೊಡೆದು ಬರುವುದು. ಆದರೆ ಮಂಗಳೂರಿನ ಆಸುಪಾಸಿನಲ್ಲಿ ಐದು ಸೆಂಟ್ಸ್ ಜಾಗದ ರೇಟು ಕೇಳಿದರೆ ನಮ್ಮಂಥವರಿಗೆ ಎದೆ ಹೊಡೆದುಕೊಳ್ಳುತ್ತದೆ. ನಾವು ಇರುವ ಊರಿನಲ್ಲೇ ನಮಗೊಂದು ಬಾಗಿಲು ಬೇಕು ಅಂತ ತೀರ್ಮಾನ ಮಾಡಿದೆವು.

ನೋಡಿದ್ದು ಹಳೆಯ ಮಾಳಿಗೆ ಮನೆ. ಕಲ್ಲಿನ ಪಾಯ, ಎರಡಡಿ ದಪ್ಪದ ಮಣ್ಣಿನ ಗೋಡೆ, ಮರದ ತೊಲೆ, ಜಂತೆ, ಅದರ ಮೇಲೆ ಮಣ್ಣು. ಪಡಸಾಲೆ, ನಡುಮನೆ, ಅಡುಗೆಮನೆ, ಹಿಂದೆ ದನದ ಕೊಟ್ಟಿಗೆ, ಹಿತ್ತಲಲ್ಲೊಂದು ಹುಣಸೆ ಮರ. ಮನೆಯ ಯಜಮಾನರು ನಿವೃತ್ತ ಮೇಷ್ಟ್ರು. ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ಹದಿಮೂರು ಲಕ್ಷಕ್ಕೆ ಮಾತಾಯಿತು.

ಬಡ್ಡಿ ಇಲ್ಲದ ದಾರಿ

ಬ್ಯಾಂಕಿಗೆ ಹೋಗಿದ್ದರೆ ಸಾಲ ಸಿಗುತ್ತಿತ್ತೋ ಏನೋ. ಬಡ್ಡಿಯ ಸಾಲ ಬೇಡ ಅಂತ ಮದುವೆಯ ದಿನವೇ ಮಾತಾಡಿಕೊಂಡಿದ್ದೆವು. ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿನ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲ ಅಂತ ರಿಸರ್ವ್ ಬ್ಯಾಂಕು 2017ರಲ್ಲೇ ಹೇಳಿ ಮುಗಿಸಿದೆ. 'ಹಲಾಲ್ ಲಾಭ' ಅಂತ ಬೋರ್ಡು ಹಾಕಿದಲ್ಲಿ ದುಡ್ಡು ಹಾಕಿದವರ ಪಾಡು ಏನಾಯಿತು ಅಂತ 2019ರ ಜೂನಿನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ರಾಜ್ಯವೆಲ್ಲ ನೋಡಿದೆ. ಹಾಗಾಗಿ ಹಳೆಯ ದಾರಿಯನ್ನೇ ಹಿಡಿದೆವು.

ಲೆಕ್ಕ ಹೀಗಿತ್ತು: ಅಂಗಡಿಯ ಉಳಿತಾಯ 4 ಲಕ್ಷ. ಮೂವರು ಸಂಬಂಧಿಕರಿಂದ ಬಡ್ಡಿಯಿಲ್ಲದ ಕೈಸಾಲ ಎರಡೂವರೆ ಲಕ್ಷ, ಸಾಕ್ಷಿ ಸಹಿತ ಬರೆದುಕೊಟ್ಟು. ಎರಡು ಲಕ್ಷಕ್ಕೆ ಮೇಷ್ಟ್ರೇ ಹತ್ತು ತಿಂಗಳ ಅವಕಾಶ ಕೊಟ್ಟರು. ಇನ್ನು ಬೇಕಿದ್ದದ್ದು ನಾಲ್ಕೂವರೆ ಲಕ್ಷ. ಅದಕ್ಕಿದ್ದದ್ದು ಒಂದೇ ದಾರಿ, ಮನೆಯಾಕೆಯ ಬಂಗಾರ. ಮಹರಿನ ಮೂರು ಪವನ್, ತವರಿನವರು ಹಾಕಿದ ಏಳು ಪವನ್. ಅಡವಿಟ್ಟರೆ ಬಡ್ಡಿ, ಹಾಗಾಗಿ ಮಾರುವುದೇ ಅಂತಾಯಿತು. ಯಾರೂ ಒತ್ತಾಯ ಮಾಡಲಿಲ್ಲ, ಕೊಡುತ್ತೇನೆ ಅಂದದ್ದು ಆಕೆಯೇ. ಆದರೆ ಮನೆ ಯಾರ ಹೆಸರಿಗೆ ಅಂತ ನಾವಿಬ್ಬರೂ ಕೇಳಿಕೊಳ್ಳಲೇ ಇಲ್ಲ. ಗಂಡಸಿನ ಹೆಸರಿಗೆ ಅಂತ ಹೇಳದೇನೇ ಆಗಿಹೋಗಿತ್ತು.

ಒಂದು ಸಹಿಗೆ ಎಂಟು ತಿಂಗಳು

ಕಾಗದ ನೋಡಲು ಚಿತ್ರದುರ್ಗದ ವಕೀಲರೊಬ್ಬರಿಗೆ ಕೊಟ್ಟೆವು. ಅವರು ಮೊದಲು ಕೇಳಿದ್ದು ಗ್ರಾಮ ಪಂಚಾಯಿತಿಯ ಇ-ಸ್ವತ್ತು. ಗ್ರಾಮಠಾಣಾ ಒಳಗಿನ ಮನೆಯಾದರೆ ನಮೂನೆ 9 ಸಿಗುತ್ತದೆ, ಅದರ ಜೊತೆ 11ಎ. ಕೃಷಿ ಜಮೀನಿನಲ್ಲಿ ಪರಿವರ್ತನೆ ಇಲ್ಲದೆ ಎದ್ದದ್ದು ಇತ್ಯಾದಿ ಆದರೆ 11ಬಿ. ಎರಡಕ್ಕೂ ವ್ಯತ್ಯಾಸ ತಿಳಿಯದೆ ಮುಂಗಡ ಕೊಡಬೇಡಿ ಅಂದರು. ಆಮೇಲೆ ಋಣಭಾರ ಪತ್ರ. ಈಚಿನದು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಹಳೆಯದಕ್ಕೆ ಕಚೇರಿಗೇ ಅಲೆಯಬೇಕು. ಇಪ್ಪತ್ತು ಸಾವಿರ ಮತ್ತು ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಕೊಟ್ಟು ತೆಗೆದುಕೊಳ್ಳುವಂತಿಲ್ಲ, ಬ್ಯಾಂಕಿನ ಮೂಲಕವೇ ಆಗಬೇಕು ಅಂತಲೂ ಹೇಳಿದರು.

ಎಲ್ಲ ಸರಿ ಇತ್ತು. ಸಿಕ್ಕಿಹಾಕಿಕೊಂಡದ್ದು ನಾಡಕಚೇರಿಯಿಂದ ತಂದ ವಂಶವೃಕ್ಷದಲ್ಲಿ. ಅದರಲ್ಲಿ ಮೇಷ್ಟ್ರ ಜೊತೆ ಒಬ್ಬ ತಂಗಿಯ ಹೆಸರೂ ಇತ್ತು, ಹೊಳಲ್ಕೆರೆ ಕಡೆ ಕೊಟ್ಟವರು. ಮನೆ ಇನ್ನೂ ತೀರಿಹೋದ ಅಪ್ಪನ ಹಕ್ಕಿನದು. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಸುಪ್ರೀಂ ಕೋರ್ಟು 2020ರಲ್ಲಿ ಅದನ್ನು ಇನ್ನೂ ಗಟ್ಟಿ ಮಾಡಿದೆ. ಆಕೆಯ ಸಹಿ ಇಲ್ಲದೆ ಕೊಂಡರೆ ಇವತ್ತಲ್ಲ ನಾಳೆ ದಾವೆ ಬರಬಹುದು ಅಂದರು ವಕೀಲರು.

ಬ್ರೋಕರ್ ನಕ್ಕ. "ಆಯಮ್ಮಂದೇನು ತಕರಾರಿಲ್ಲ ಬುಡ್ರಿ ಸಾಬ್ರೆ. ಹೆಣ್ಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಕಳಿಸಿದ್ರಾಯ್ತು."

ಆ ಮಾತು ಕೇಳಿ ನಾವೂ ಒಂದು ಕ್ಷಣ ತಲೆಯಾಡಿಸಿದ್ದೆವು. ಆಮೇಲೆ ನಾಚಿಕೆಯಾಯಿತು. ನಮ್ಮಲ್ಲಿ ಹೆಣ್ಣಿನ ಪಾಲು ಇಷ್ಟೇ ಅಂತ ಲೆಕ್ಕ ಸಹಿತ ಹೇಳಿಟ್ಟಿದೆ. ಆದರೂ ಎಷ್ಟು ಮನೆಗಳಲ್ಲಿ ಅಕ್ಕ ತಂಗಿಯರು 'ನನಗೇನೂ ಬೇಡ' ಅಂತ ಸಹಿ ಹಾಕಿ, ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾರೆ!

ಮೇಷ್ಟ್ರು ಒಳ್ಳೆಯವರು. ತಂಗಿಯ ಜೊತೆ ಹಳೆಯ ಮುನಿಸೊಂದಿತ್ತು, ಮಾತು ನಿಂತು ವರ್ಷಗಳಾಗಿದ್ದವು. ಎಂಟು ತಿಂಗಳು ಕಾದೆವು. ಕೊನೆಗೆ ಒಂದು ಭಾನುವಾರ ಮಗುವನ್ನು ಎತ್ತಿಕೊಂಡು ನಾವೇ ಆಕೆಯ ಮನೆಗೆ ಹೋದೆವು. ಎಪ್ಪತ್ತರ ಹತ್ತಿರದ ಅಜ್ಜಿ, ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಮಗುವಿಗೆ ಬೆಲ್ಲ ಕೊಟ್ಟರು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡು ಮನೆಯಾಕೆಯ ಕಡೆ ತಿರುಗಿದರು.

"ನಿನ್ ಬಂಗಾರ ಮಾರಿ ತಗಂತೀರಂತೆ. ಮನೆ ಯಾರ್ ಹೆಸರಿಗೈತೆ ತಾಯಿ?"

ನಮ್ಮಿಬ್ಬರ ಬಾಯಿಂದಲೂ ಮಾತು ಹೊರಡಲಿಲ್ಲ. ಅಜ್ಜಿ ಮತ್ತೆ ಕೇಳಲೂ ಇಲ್ಲ, ಕಾಯಿ ಬಿಡಿಸುತ್ತಾ ಹೋದರು.

ಬಸ್ಸಿನಲ್ಲಿ ಬರುವಾಗ ಇಬ್ಬರೂ ಸುಮ್ಮನಿದ್ದೆವು. ಮನೆಗೆ ಬಂದು ಮಗುವನ್ನು ಮಲಗಿಸಿ, ಲೆಕ್ಕದ ಪುಸ್ತಕ ತೆರೆದು ಕೂತೆವು. ಹದಿಮೂರು ಲಕ್ಷದಲ್ಲಿ ನಾಲ್ಕೂವರೆ ಲಕ್ಷ ಯಾರದ್ದು ಅಂತ ಅಂಕಿ ಎದುರಿಗೇ ಇತ್ತು. ಮಹರ್ ಹೆಣ್ಣಿನ ಸ್ವಂತದ್ದು. ತವರಿನ ಬಂಗಾರವೂ ಆಕೆಯದ್ದೇ. ಅದು ಗೋಡೆಯಾಗಿ ಮಾಡಾಗಿ ಬದಲಾದ ಕೂಡಲೇ ಗಂಡಸಿನದ್ದಾಗುವುದು ಹೇಗೆ? ಇಬ್ಬರ ಹೆಸರಿಗೂ ಸಮಪಾಲು ಅಂತ ಆ ರಾತ್ರಿಯೇ ಬರೆದುಕೊಂಡೆವು. ಊರಿನಲ್ಲಿ ಒಂದಿಬ್ಬರು ಮುಖ ಸಿಂಡರಿಸಿದರು. ಉಪ್ಪ ಮಾತ್ರ, ಎರಡು ದಿನ ಬಿಟ್ಟು ಫೋನು ಮಾಡಿ, "ಅದು ಸರಿ ಉಂಟು. ನಾನು ನಿನ್ನ ಉಮ್ಮನಿಗೆ ಮಾಡ್ಲಿಲ್ಲ" ಅಂದರು.

ಅಣ್ಣ ತಂಗಿ ಕೂಡ ರಾಜಿಯಾದರು. ಆಕೆಯ ಪಾಲಿನ ದುಡ್ಡು ಆಕೆಯ ಖಾತೆಗೇ ಹೋಯಿತು. 2024ರ ಜನವರಿಯಲ್ಲಿ ಅಣ್ಣ ತಂಗಿ ಇಬ್ಬರೂ ಅಕ್ಕಪಕ್ಕ ನಿಂತು ಸಹಿ ಹಾಕಿದರು. ಬಾಕಿ ಎರಡು ಲಕ್ಷಕ್ಕೆ ಕೊಟ್ಟ ಹತ್ತು ಚೆಕ್ಕುಗಳ ನಂಬರನ್ನು ಕ್ರಯಪತ್ರದಲ್ಲೇ ಬರೆಸಿದೆವು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್ಚಾರ್ಜು, ನೋಂದಣಿ ಶುಲ್ಕ ಶೇ. 1, ಎಲ್ಲ ಸೇರಿ ಸುಮಾರು 86 ಸಾವಿರ. ಅದಕ್ಕೆ ಕೈ ಹಿಡಿದದ್ದು ಅಂಗಡಿ ಸಾಲಿನವರ ಚೀಟಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2 ಆಗಿದೆ, ಈಗ ಕೊಳ್ಳುವವರು ಇದನ್ನು ಮೊದಲೇ ತೆಗೆದಿಡಿ.

ಮಣ್ಣಿನ ಗೋಡೆಗೆ ಸಿಮೆಂಟು

ಮನೆ ಕೊಂಡರೂ ಕೂಡಲೇ ಇರಲು ಬರುವಂತಿರಲಿಲ್ಲ. ಎರಡು ತೊಲೆಗೆ ಗೆದ್ದಲು. ಮಾಳಿಗೆಯಲ್ಲಿ ಹುಲ್ಲು. ಬಚ್ಚಲಿತ್ತು, ಪಾಯಿಖಾನೆ ಇರಲಿಲ್ಲ. ಕೆಡವಿ ಆರ್‌ಸಿಸಿ ಹಾಕಲು ಮೇಸ್ತ್ರಿಯೊಬ್ಬ ಹೇಳಿದ ಅಂದಾಜು 16 ಲಕ್ಷ. ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಕರಾವಳಿಯವರಾದ ನಮಗೆ ಕೆಂಪು ಕಲ್ಲು ಗೊತ್ತು, ಹೆಂಚು ಗೊತ್ತು. ಮಣ್ಣಿನ ಗೋಡೆಯ ಮರ್ಜಿ ಗೊತ್ತಿರಲಿಲ್ಲ. ಚೆಂದ ಕಾಣಲಿ ಅಂತ ಎದುರಿನ ಗೋಡೆಗೆ 18 ಸಾವಿರ ಕೊಟ್ಟು ಸಿಮೆಂಟು ಮೆತ್ತಿಸಿದೆವು. ಒಂದೇ ಮಳೆಗಾಲಕ್ಕೆ ಉಬ್ಬಿ, ತಟ್ಟಿದರೆ ಡಬಡಬ ಅನ್ನುತ್ತಾ, ಹಪ್ಪಳದ ಹಾಗೆ ಕಳಚಿ ಬಿತ್ತು. ಮಣ್ಣಿನ ಗೋಡೆ ತೇವ ಎಳೆದುಕೊಂಡು ಬಿಟ್ಟುಕೊಡುತ್ತಾ ಇರುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ, ಒಳಗಿನ ನೀರು ಒಳಗೇ ಕೂತು ಗೋಡೆಯನ್ನೇ ತಿನ್ನುತ್ತದೆ. ಊರಿನ ಹಿರಿಯ ಮೇಸ್ತ್ರಿಯೊಬ್ಬರು ಬಂದು ನೋಡಿ, "ಮೊದ್ಲೇ ಕೇಳಬಾರದಿತ್ತಾ ಸಾಬ್ರೆ" ಅಂತ ಎಲ್ಲ ಕೆತ್ತಿ ತೆಗೆಸಿ, ಮಣ್ಣು ಮೆತ್ತಿ ಸುಣ್ಣ ಬಳಿಸಿದರು. ಅದು ನಿಂತಿದೆ.

ಮಾಳಿಗೆಯ ವಿದ್ಯೆಯನ್ನೂ ಅವರೇ ಕಲಿಸಿದರು. ಕೊಳೆತ ತೊಲೆ ತೆಗೆದು ಕೊಟ್ಟಿಗೆಯ ಗಟ್ಟಿ ಮರವನ್ನೇ ಏರಿಸಿದರು. ಬೇಸಿಗೆಯಲ್ಲೇ ಚೌಳು ಮಣ್ಣು ತಂದು, ಮಳೆಗೆ ಮುಂಚೆ ಮೇಲೆ ಹರವಿ ತುಳಿದು ನೀರು ಹರಿಯುವ ಓರೆ ಮಾಡಬೇಕು. ವರ್ಷ ವರ್ಷ ಈ ಕೆಲಸ ತಪ್ಪಿಸುವಂತಿಲ್ಲ. ನಮ್ಮ ಕರಾವಳಿಯ ಮಳೆಗೆ ಈ ಮಾಡು ಒಂದು ವಾರ ನಿಲ್ಲಲಿಕ್ಕಿಲ್ಲ. ಇಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 600 ಮಿ.ಮೀ. ಏಪ್ರಿಲ್ ಬಿಸಿಲಿಗೆ ಹೊರಗೆ ರಸ್ತೆ ಸುಡುವಾಗ ನಡುಮನೆಯಲ್ಲಿ ಫ್ಯಾನಿಲ್ಲದೆ ಮಗು ಮಲಗುತ್ತದೆ. ಗವಾಕ್ಷಿಗೆ ಗಾಜು ಕೂರಿಸಿದ ಮೇಲೆ ಹಗಲು ಲೈಟೂ ಬೇಡ.

ಅಡುಗೆಮನೆಗೆ ಮಾತ್ರ ನಮ್ಮೂರಿನ ಹೆಂಚೇ ಬೇಕು ಅಂತ ಹಠ. ಬಂಟ್ವಾಳದಲ್ಲಿ ಅಜ್ಜಿಯ ಮನೆ ಕೆಡವಿ ತಾರಸಿ ಹಾಕುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಉದ್ಯಮ ಈಗ ಊರಿನಲ್ಲೇ ಬೇಡವಾಗುತ್ತಿದೆ. ನಾನೂರು ಹೆಂಚು ಲಾರಿ ಹತ್ತಿ ಘಟ್ಟ ಏರಿದವು. ಹೊದೆಸಿದ ಮೊದಲ ಬೇಸಿಗೆಗೇ ಕೋತಿಗಳು ನಲವತ್ತು ಒಡೆದವು! ಈಗ ಸೂರಿನ ಸುತ್ತ ಜಾಲಿ ಮುಳ್ಳು ಕಟ್ಟಿದ್ದೇವೆ, ಊರಿನವರು ಮಾಡುವ ಹಾಗೆ.

ನೀರಿನದ್ದು ಇನ್ನೊಂದು ಪಾಠ. ಭರಮಣ್ಣ ನಾಯಕನ ಹೆಸರಿನ ಇಲ್ಲಿನ ದೊಡ್ಡ ಕೆರೆಗೆ ಈಗ ಏತ ನೀರಾವರಿಯಲ್ಲಿ ತುಂಗಭದ್ರೆಯ ನೀರು ಬರುತ್ತದೆ. ಆದರೂ ಈ ಜಿಲ್ಲೆಯ ಕೊಳವೆ ಬಾವಿಗಳಲ್ಲಿ ಹಲವೆಡೆ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿಗೆ, ಎಲುಬಿಗೆ ಕೆಡುಕು. ಕುದಿಸಿದರೆ ಅದು ಹೋಗುವುದಿಲ್ಲ. ಹಾಗಾಗಿ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನೇ ಗತಿ.

ಎರಡು ವರ್ಷ, ಕೈಯಲ್ಲಿ ದುಡ್ಡು ಬಂದ ಹಾಗೆ ಮಾಡಿದ ಕೆಲಸದ ಲೆಕ್ಕ: ಮಾಳಿಗೆ 1 ಲಕ್ಷ 35 ಸಾವಿರ, ವೈರಿಂಗ್ 38 ಸಾವಿರ, ಬಚ್ಚಲು, ಪಾಯಿಖಾನೆ, ತೊಟ್ಟಿ 1 ಲಕ್ಷ 10 ಸಾವಿರ, ಹಾಳಾದ ಸಿಮೆಂಟೂ ಸೇರಿ ಗೋಡೆ 62 ಸಾವಿರ, ನೆಲಕ್ಕೆ ಕಡಪ ಕಲ್ಲು 25 ಸಾವಿರ, ಹೆಂಚು, ಲಾರಿ ಬಾಡಿಗೆ, ಮರ 40 ಸಾವಿರ. ಒಟ್ಟು 4 ಲಕ್ಷ 10 ಸಾವಿರ.

ಬಾರದ ಬಂಗಾರ

ಮೇಷ್ಟ್ರ ಚೆಕ್ಕುಗಳು ಮುಗಿದಿವೆ. ಕೈಸಾಲದಲ್ಲಿ 60 ಸಾವಿರ ಉಳಿದಿದೆ. ಬಂಗಾರ? ಮಾರಿದ ಹತ್ತು ಪವನಿನಲ್ಲಿ ಮತ್ತೆ ಮಾಡಿಸಿದ್ದು ಎರಡೇ ಪವನ್. ನಾವು ಮಾರಿದಾಗಿನ ಬೆಲೆ ಈಗ ಎರಡು ಪಟ್ಟು ದಾಟಿದೆ. ಉಳಿದ ಎಂಟು ಪವನ್ ಯಾವತ್ತು ಬರುತ್ತದೋ, ಬಂದೀತೋ ಇಲ್ಲವೋ. 'ಮತ್ತೆ ಮಾಡಿಸಿ ಕೊಡುತ್ತೇನೆ' ಅನ್ನುವ ಮಾತನ್ನು ನಂಬಿ ಬಂಗಾರ ಬಿಚ್ಚಿಕೊಟ್ಟ ಎಷ್ಟೋ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಮಾತು ಸುಳ್ಳಲ್ಲ, ಬೆಲೆ ಅದನ್ನು ಸುಳ್ಳು ಮಾಡುತ್ತದೆ. ಹಾಗಾಗಿಯೇ ಕಾಗದದಲ್ಲಿ ಹೆಸರು ಬೇಕು. ಮನೆ ಹುಡುಕುತ್ತಿರುವ ಎಳೆಯ ಜೋಡಿಗಳಿಗೆ ನಾವು ಹೇಳುವುದು ಇದೊಂದೇ: ಬಣ್ಣ, ಟೈಲ್ಸು ಆಮೇಲೆ ನೋಡುವಾ. ಯಾರ ದುಡ್ಡು ಎಷ್ಟು ಅಂತ ಮೊದಲು ಬರೆದಿಡಿ.

ಕಳೆದ ಮಳೆಗಾಲದಲ್ಲಿ ಉಮ್ಮ ಬಂದು ಒಂದು ವಾರ ಇದ್ದರು. ಬೆಳಿಗ್ಗೆ ಎದ್ದು ಅಂಗಳ ಒದ್ದೆಯಾದದ್ದು ನೋಡಿ, "ಮಳೆ ಬಂದದ್ದೇ ಗೊತ್ತಾಗ್ಲಿಲ್ಲ ಅಲ್ವಾ" ಅಂದರು. ಹೆಂಚಿನ ಸದ್ದು ಕೇಳಿ ಬೆಳೆದ ಕಿವಿ. ಆಮೇಲೆ ಅಡುಗೆಮನೆಗೆ ಹೋಗಿ ಹೆಂಚಿನ ಕೆಳಗೆ ಸ್ವಲ್ಪ ಹೊತ್ತು ನಿಂತರು.

ಅದೇ ವಾರ ಹೊಳಲ್ಕೆರೆಯ ಅಜ್ಜಿಯೂ ಬಂದಿದ್ದರು, ಹುಟ್ಟಿದ ಮನೆ ನೋಡಲು. ನಡುಮನೆಯ ಕಂಬ ಮುಟ್ಟಿ ನೋಡಿದರು. ಉಮ್ಮ ಮಾಡಿದ ಪತ್ತಿರ್ ತಿಂದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ಅರ್ಥವಾಗುತ್ತಿತ್ತು. ಹೊರಡುವಾಗ ಹಿತ್ತಲಿನ ಹುಣಸೆಹಣ್ಣನ್ನು ಚೀಲದಲ್ಲಿ ತುಂಬಿಕೊಟ್ಟೆವು. ಇನ್ನು ವರ್ಷಾ ವರ್ಷಾ ಕಳಿಸುತ್ತೇವೆ ಅಂದೆವು. "ಕಳಿಸ್ಬ್ಯಾಡ್ರಿ, ನಾನೇ ಬತ್ತೀನಿ" ಅಂದರು.