ಕವಲೊಡೆದ ವಿದ್ಯುತ್ತಿನ ಲೆಕ್ಕ

ಅವಲಾಂಚಿ, ಎಮರಾಲ್ಡ್ ಜಲಾಶಯಗಳ ನೀರು ಬೆಟ್ಟದಿಂದಿಳಿದು ಕುಂದಾದ ಒಂದನೆಯ ವಿದ್ಯುದಾಗಾರವನ್ನು ನಡೆಸುತ್ತದೆ. ಕೊಲಂಬೊ ಯೋಜನೆಯಡಿ ಕೆನಡಾ ದೇಶದ ನೆರವಿನಿಂದ ರೂಪುಗೊಂಡ ಈ ವಿದ್ಯುದಾಗಾರಗಳ ಸಾಲು ನೀಲಗಿರಿಯ ಮಕ್ಕಳಿಗೆ ಅಪರಿಚಿತವಲ್ಲ. ವಿಜ್ಞಾನ ಪಠ್ಯದಲ್ಲಿ ಅವರಿಗೆ ಕಠಿಣವೆನಿಸುವ ಪಾಠವೊಂದು ಇದೇ ಇಳಿಜಾರಿನಲ್ಲಿದೆ.

ಒಂದನೆಯ ವಿದ್ಯುದಾಗಾರದಲ್ಲಿ ತಲಾ 20 ಮೆಗಾವ್ಯಾಟಿನ ಮೂರು ಯಂತ್ರಗಳಿವೆ. ಮೂರಕ್ಕೂ ನೀರು ಬೀಳುವ ಎತ್ತರ ಒಂದೇ. ಹರಿವು ಮಾತ್ರ ಹಂಚಿಹೋಗುತ್ತದೆ. ಇದು ಸಮಾಂತರ ಜೋಡಣೆಯ ರೀತಿ. ಅಲ್ಲಿ ದುಡಿದ ನೀರೇ ಕೆಳಗೆ ಸಂಗ್ರಹಗೊಂಡು ಎರಡನೆಯ ವಿದ್ಯುದಾಗಾರಕ್ಕೆ ಸಾಗುವುದು ಸರಣಿಯ ರೀತಿ. ಎತ್ತರವನ್ನು ವಿಭವಾಂತರವೆಂದೂ ಹರಿವನ್ನು ವಿದ್ಯುತ್ ಪ್ರವಾಹವೆಂದೂ ಭಾವಿಸಿದರೆ ಪಾಠ ತಿಳಿಯಾಗುತ್ತದೆ.

ತಲಾ 1.5 ವೋಲ್ಟಿನ ನಾಲ್ಕು ಶುಷ್ಕಕೋಶಗಳನ್ನು ಸಾಲಾಗಿ ಜೋಡಿಸಿದರೆ 6 ವೋಲ್ಟ್ ದೊರೆಯುತ್ತದೆ. ಅದಕ್ಕೆ 6 ಓಮ್ ಮತ್ತು 12 ಓಮ್ ರೋಧಕಗಳನ್ನು ಸಮಾಂತರವಾಗಿ ಸೇರಿಸೋಣ. ಎರಡರ ತುದಿಗಳ ನಡುವೆಯೂ 6 ವೋಲ್ಟೇ ಇರುತ್ತದೆ. ಓಮ್‌ನ ನಿಯಮದಂತೆ ಮೊದಲ ಕವಲಿನಲ್ಲಿ 1 ಆಂಪಿಯರ್, ಎರಡನೆಯದರಲ್ಲಿ 0.5 ಆಂಪಿಯರ್ ಹರಿಯುತ್ತದೆ. ಮುಖ್ಯ ತಂತಿಯಲ್ಲಿ 1.5 ಆಂಪಿಯರ್. ಒಟ್ಟು ರೋಧ 4 ಓಮ್, ಅಂದರೆ ಚಿಕ್ಕ ರೋಧಕಕ್ಕಿಂತಲೂ ಕಡಿಮೆ. ದಾರಿಗಳು ಹೆಚ್ಚಿದಷ್ಟೂ ಹರಿವು ಸುಲಭ.

ಅಳೆಯುವುದು ಹೇಗೆ? ಹರಿವನ್ನು ಅಳೆಯುವ ಆಮ್ಮೀಟರ್ ಹರಿವಿನ ದಾರಿಯಲ್ಲೇ ನಿಲ್ಲಬೇಕು. ಆದ್ದರಿಂದ ಕವಲನ್ನು ಬಿಡಿಸಿ, ಅದರೊಳಗೆ ಸರಣಿಯಲ್ಲಿ ಜೋಡಿಸಬೇಕು. ಅದರ ರೋಧ ಅತ್ಯಲ್ಪ. ರೋಧಕದ ಎರಡು ತುದಿಗಳಿಗೆ ಅಡ್ಡಲಾಗಿ ಇಟ್ಟರೆ ಅತಿಯಾದ ಪ್ರವಾಹ ನುಗ್ಗಿ ಉಪಕರಣ ಸುಡಬಹುದು. ವೋಲ್ಟ್‌ಮೀಟರಿನ ರೋಧ ಬಹಳ ಹೆಚ್ಚು. ಅದನ್ನು ತುದಿಗಳಿಗೆ ಅಡ್ಡಲಾಗಿಯೇ, ಸಮಾಂತರದಲ್ಲಿ ಜೋಡಿಸಬೇಕು. ಸರಣಿಯಲ್ಲಿಟ್ಟರೆ ಹರಿವೇ ಬಹುಮಟ್ಟಿಗೆ ನಿಂತುಹೋಗುತ್ತದೆ.

ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಪಾಟೀಸವಾಲಿನಿಂದ ಒರೆಗೆ ಹಚ್ಚುವಂತೆ ಇಲ್ಲಿಯೂ ಒಂದು ಒರೆಗಲ್ಲುಂಟು. ಕವಲುಗಳ ಪ್ರವಾಹಗಳ ಮೊತ್ತ ಮುಖ್ಯ ತಂತಿಯ ಪ್ರವಾಹಕ್ಕೆ ಸಮನಾಗಬೇಕು. ಕಿರ್ಕಾಫ್ 1845ರಲ್ಲಿ ತಿಳಿಸಿದ ನಿಯಮವಿದು. ಉಪಕರಣದ ಅಲ್ಪ ದೋಷವನ್ನು ಮೀರಿದ ವ್ಯತ್ಯಾಸ ಕಂಡರೆ ಜೋಡಣೆಯನ್ನು ಮತ್ತೆ ಪರಿಶೀಲಿಸಬೇಕು.

ಈ ತಿಳಿವಳಿಕೆ ಪರೀಕ್ಷೆಯ ಅಂಕಗಳಿಗಷ್ಟೇ ಅಲ್ಲ. ಮನೆಯ ದೀಪ, ಫ್ಯಾನು, ಮಿಕ್ಸಿಗಳೆಲ್ಲ ಸಮಾಂತರದಲ್ಲಿವೆ. ಒಂದನ್ನು ಆರಿಸಿದರೆ ಇನ್ನೊಂದು ಆರದು. ಆದರೆ ಒಂದೇ ಪ್ಲಗ್ಗಿಗೆ ಹಲವು ಸಾಧನಗಳನ್ನು ಸಿಕ್ಕಿಸಿದಾಗ ಪ್ರವಾಹಗಳು ಕೂಡಿ ತಂತಿ ಕಾಯುತ್ತದೆ. ಗೋಡೆಯ ಮೀಟರ್ ಕೂಡ ವೋಲ್ಟೇಜು ಮತ್ತು ಪ್ರವಾಹ ಎರಡನ್ನೂ ಗಮನಿಸಿಯೇ ಯೂನಿಟ್ ಎಣಿಸುತ್ತದೆ. ಸರಿಯಾದ ಮೀಟರಿನ ಮೂಲಕವೇ ವಿದ್ಯುತ್ ಪೂರೈಸಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯಿದೆಯ 55ನೆಯ ಕಲಮು ವಿಧಿಸುತ್ತದೆ. ಅಳತೆಯ ಮರ್ಮ ಬಲ್ಲ ಮಗು ಮನೆಯ ಬಿಲ್ಲನ್ನೂ ಪ್ರಶ್ನಿಸಬಲ್ಲದು.

ಪಾಲಕರಲ್ಲಿ ಒಂದು ವಿನಂತಿ: ಮಕ್ಕಳ ಪ್ರಯೋಗ ಶುಷ್ಕಕೋಶಗಳಿಂದಲೇ ನಡೆಯಲಿ. 230 ವೋಲ್ಟಿನ ಮನೆಯ ತಂತಿ ಪ್ರಯೋಗದ ವಸ್ತುವಲ್ಲ.